ಮತದಾರರ ಪಟ್ಟಿ: ಅನ್ಯರ ಮೇಲಿನ ಶಂಕೆ, ನಮ್ಮವರ ಅಲಕ್ಷ್ಯ



ಅಂಬಲಪಾಡಿ, ಮಣಿಪಾಲ, ಮಲ್ಪೆಯ ಸುತ್ತ ಸಮಾಜದ ನಾಲ್ಕು ಜನ ಸೇರಿದಲ್ಲಿ ಈಗ ಮತದಾರರ ಪಟ್ಟಿಯ ಮಾತು ಬಂದೇ ಬರುತ್ತದೆ. ದೇಶದ ಪ್ರಜೆಯಲ್ಲದವನ ಹೆಸರು ಪಟ್ಟಿಯೊಳಗೆ ಸೇರಿಕೊಂಡಿದೆ ಎಂಬ ಆತಂಕ ಕೆಲವರದು. ಪ್ರಜೆಯಾದ ತನ್ನ ಹೆಸರೇ ಎಲ್ಲಿ ಹಾರಿಹೋಗುವುದೋ ಎಂಬ ಭಯ ಇನ್ನು ಕೆಲವರದು. ಮೊದಲನೆಯದನ್ನು ಗಟ್ಟಿಯಾಗಿ ಹೇಳುತ್ತಾರೆ, ಎರಡನೆಯದನ್ನು ಮೆಲ್ಲಗೆ. ಬಾಗಲಕೋಟೆ, ಗದಗ, ಕೊಪ್ಪಳ, ವಿಜಯಪುರದ ಕಡೆಯಿಂದ ಉದ್ಯೋಗಕ್ಕಾಗಿ ಘಟ್ಟ ಇಳಿದು ಬಂದು ಇಲ್ಲಿ ನೆಲೆ ನಿಂತ ನಮ್ಮ ಸಮಾಜದ ಕುಟುಂಬಗಳ ಮಟ್ಟಿಗೆ ಎರಡನೆಯ ಭಯವೇ ಹೆಚ್ಚು ನಿಜವಾದುದು ಎಂಬುದು ಈ ಲೇಖಕನ ಅಭಿಪ್ರಾಯ. ಆದರೆ ಮೊದಲನೆಯದನ್ನು ಬರಿಯ ಗಾಳಿಮಾತೆಂದು ತಳ್ಳಿಹಾಕುವುದೂ ಸರಿಯಲ್ಲ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. ಸಂವಿಧಾನದ 326ನೆಯ ವಿಧಿಯು ಮತದ ಹಕ್ಕನ್ನು ಭಾರತದ ಪ್ರಜೆಗೆ ಮಾತ್ರ ಕೊಟ್ಟಿದೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 16ನೆಯ ಸೆಕ್ಷನ್ ಪ್ರಜೆಯಲ್ಲದವನು ಪಟ್ಟಿಗೆ ಅನರ್ಹನೆಂದು ಸಾರುತ್ತದೆ. 19ನೆಯ ಸೆಕ್ಷನ್ ಹದಿನೆಂಟು ವರ್ಷ ತುಂಬಿರಬೇಕು, ಆ ಕ್ಷೇತ್ರದ ಸಾಮಾನ್ಯ ನಿವಾಸಿಯಾಗಿರಬೇಕು ಎನ್ನುತ್ತದೆ. ಇಷ್ಟು ಸ್ಪಷ್ಟ. ಆದರೆ ಈ ಷರತ್ತುಗಳನ್ನು ಪರೀಕ್ಷಿಸುವ ಬಗೆ ಅಷ್ಟು ಸ್ಪಷ್ಟವಲ್ಲ. ಹೊಸದಾಗಿ ಹೆಸರು ಸೇರಿಸಲು ಕೊಡುವ ನಮೂನೆ 6ರಲ್ಲಿ ವಯಸ್ಸಿಗೆ ದಾಖಲೆ ಕೇಳುತ್ತಾರೆ, ವಾಸಕ್ಕೆ ದಾಖಲೆ ಕೇಳುತ್ತಾರೆ. ಪೌರತ್ವಕ್ಕೆ ಮಾತ್ರ ಅರ್ಜಿದಾರನ ಘೋಷಣೆಯೇ ಆಧಾರ. ನಾನು ಭಾರತದ ಪ್ರಜೆ ಎಂದು ಬರೆದು ಸಹಿ ಹಾಕಿದರೆ, ಯಾರೂ ಆಕ್ಷೇಪಿಸದಿದ್ದರೆ, ಹೆಸರು ಸೇರುತ್ತದೆ. ಸುಳ್ಳು ಘೋಷಣೆಗೆ 31ನೆಯ ಸೆಕ್ಷನ್ ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಅಂದರೆ ವ್ಯವಸ್ಥೆಯು ಜನರ ನುಡಿಯನ್ನು ನಂಬಿ ನಿಂತಿದೆ. ಹೀಗೆ ನಂಬುವುದು ತಪ್ಪೆಂದು ಹೇಳಲಾಗದು, ಏಕೆಂದರೆ ನಮ್ಮ ದೇಶದ ಬಹುಪಾಲು ಪ್ರಜೆಗಳ ಕೈಯಲ್ಲಿ ಪೌರತ್ವವನ್ನೇ ಸಾಬೀತುಪಡಿಸುವ ಒಂದೇ ಒಂದು ಕಾಗದವಿಲ್ಲ. ಪಾಸ್‌ಪೋರ್ಟ್ ಇರುವವರು ಎಷ್ಟು ಮಂದಿ?

ಇಲ್ಲಿ ಆಧಾರ್ ಕಾರ್ಡಿನ ಬಗ್ಗೆ ಒಂದು ಮಾತು. ಆಧಾರ್ ಇದ್ದ ಮಾತ್ರಕ್ಕೆ ಪ್ರಜೆ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಕಾಯ್ದೆಯ ಪ್ರಕಾರ ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಈ ದೇಶದಲ್ಲಿ ವಾಸವಿದ್ದವರಿಗೆ ಆಧಾರ್ ಸಂಖ್ಯೆ ದೊರೆಯುತ್ತದೆ. ಅದು ಪೌರತ್ವಕ್ಕೆ ಪುರಾವೆಯಲ್ಲವೆಂದು ಅದೇ ಕಾಯ್ದೆಯ 9ನೆಯ ಸೆಕ್ಷನ್ ಹೇಳುತ್ತದೆ. 2025ರ ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟು ಬಿಹಾರದ ಪರಿಷ್ಕರಣೆಯಲ್ಲಿ ಆಧಾರನ್ನು ಹನ್ನೆರಡನೆಯ ದಾಖಲೆಯಾಗಿ ಸ್ವೀಕರಿಸಲು ಆದೇಶಿಸಿದಾಗಲೂ, ಅದು ಗುರುತಿಗೆ ಮಾತ್ರ, ಪೌರತ್ವಕ್ಕಲ್ಲ ಎಂದು ಬಿಡಿಸಿ ಹೇಳಿತು.

ನಮ್ಮ ಕಣ್ಣೆದುರಿನ ಘಟನೆಯೊಂದಿದೆ. 2024ರ ಅಕ್ಟೋಬರಿನಲ್ಲಿ ಮಲ್ಪೆ ಪೊಲೀಸರು ಅಕ್ರಮವಾಗಿ ನೆಲೆಸಿದ್ದ ಬಾಂಗ್ಲಾದೇಶದ ಪ್ರಜೆಗಳನ್ನು ಬಂಧಿಸಿದರು. ನಕಲಿ ಆಧಾರ್ ಹೊಂದಿದ್ದರೆಂಬುದು ಅವರ ಮೇಲಿನ ಆರೋಪಗಳಲ್ಲೊಂದು. ಅಂಬಲಪಾಡಿಯಿಂದ ಮಲ್ಪೆಗೆ ಕೆಲವೇ ಕಿಲೋಮೀಟರು. ಸುದ್ದಿ ಹರಡಲು ಹೊತ್ತು ಬೇಕಾಗಲಿಲ್ಲ. ಆ ಪ್ರಕರಣ ದಾಖಲಾದದ್ದು ಅಕ್ರಮ ವಾಸ ಮತ್ತು ಸುಳ್ಳು ದಾಖಲೆಗಳ ವಿಷಯದಲ್ಲಿ. ಆದರೆ ಸುಳ್ಳು ಆಧಾರ್ ಒಂದು ಬಾಗಿಲು ತೆರೆದರೆ ಮುಂದಿನ ಬಾಗಿಲುಗಳು ಅದರಿಂದಲೇ ತೆರೆಯಬಹುದೆಂಬ ಚಿಂತೆ ನ್ಯಾಯವಾದುದೇ. ನ್ಯಾಯವಲ್ಲದ್ದು ಅದರ ಮುಂದಿನ ಹೆಜ್ಜೆ. ಬಂದರಿನಲ್ಲಿ ದುಡಿಯುವ ಬಂಗಾಳಿ ಮಾತಿನವನು ಮುರ್ಶಿದಾಬಾದಿನವನೂ ಆಗಿರಬಹುದು. ಅವನು ನಿಮ್ಮಷ್ಟೇ, ನನ್ನಷ್ಟೇ ಭಾರತೀಯ.

ಪ್ರಜೆಯಲ್ಲದವರ ಹೆಸರು ಪಟ್ಟಿಯಲ್ಲಿದೆಯೇ ಎಂದು ಹುಡುಕಲು ಹೊರಟವರು ಬಂದರಿಗೆ ಹೋಗುವ ಮೊದಲು ತಮ್ಮ ಮನೆಯ ಜಗಲಿಯಲ್ಲಿ ಒಮ್ಮೆ ಕೂತು ನೋಡಬೇಕು. ಕರಾವಳಿಯ ಯಾವ ಬೀದಿಯಲ್ಲಾದರೂ ಅಮೆರಿಕದಲ್ಲೋ ಕೆನಡಾದಲ್ಲೋ ನೆಲೆಸಿ, ಅಲ್ಲಿನ ಪೌರತ್ವ ಪಡೆದ ಮಗನೋ ಮಗಳೋ ಇರುವ ಮನೆಗಳಿವೆ. ಭಾರತದಲ್ಲಿ ಇಬ್ಬಗೆಯ ಪೌರತ್ವವಿಲ್ಲ. 1955ರ ಪೌರತ್ವ ಕಾಯ್ದೆಯ 9ನೆಯ ಸೆಕ್ಷನ್ನಿನಂತೆ ಪರದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಸ್ವೀಕರಿಸಿದ ದಿನವೇ ಭಾರತದ ಪೌರತ್ವ ಮುಗಿಯುತ್ತದೆ. ಅನಂತರ ದೊರೆಯುವ ಒಸಿಐ ಕಾರ್ಡು ವೀಸಾ ಇಲ್ಲದೆ ಬಂದುಹೋಗುವ ಸೌಲಭ್ಯ ಕೊಡುತ್ತದೆಯೇ ಹೊರತು ಮತದ ಹಕ್ಕನ್ನಲ್ಲ. ಆದರೂ ತಂದೆತಾಯಿಗಳು ಮಗನ ಹೆಸರನ್ನು ಪಟ್ಟಿಯಿಂದ ತೆಗೆಸುವುದಿಲ್ಲ. ಮನಸ್ಸು ಬರುವುದಿಲ್ಲ, ಇದ್ದರೆ ಇರಲಿ, ಯಾರಿಗೇನು ನಷ್ಟ ಎನ್ನುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಆ ಹೆಸರೂ ಪ್ರಜೆಯಲ್ಲದವನ ಹೆಸರೇ. ಅದನ್ನು ನುಸುಳುವಿಕೆ ಎಂದು ಯಾರೂ ಕರೆಯುವುದಿಲ್ಲ ಅಷ್ಟೆ.

ಗಲ್ಫ್ ದೇಶಗಳಲ್ಲಿರುವವರ ವಿಷಯ ಬೇರೆ, ಇದನ್ನು ಬೆರೆಸಬಾರದು. ಅವರಲ್ಲಿ ಬಹುತೇಕರು ಭಾರತದ ಪಾಸ್‌ಪೋರ್ಟನ್ನೇ ಹೊಂದಿರುವ ಪ್ರಜೆಗಳು. ಅವರಿಗಾಗಿಯೇ 20ಎ ಸೆಕ್ಷನ್ ಇದೆ. ನಮೂನೆ 6ಎ ಮೂಲಕ ಹೊರದೇಶದ ಮತದಾರರಾಗಿ ನೋಂದಾಯಿಸಿಕೊಂಡು, ಮತದಾನದ ದಿನ ಊರಿಗೆ ಬಂದು ಪಾಸ್‌ಪೋರ್ಟ್ ತೋರಿಸಿ ಮತ ಹಾಕಬಹುದು. ಮಣಿಪಾಲದ ವಿದ್ಯಾರ್ಥಿಗಳಿಗೂ ಇದೇ ವಿವೇಕ ಅನ್ವಯಿಸುತ್ತದೆ. ಬೇರೆ ರಾಜ್ಯದಿಂದ ಬಂದು ಹಾಸ್ಟೆಲಿನಲ್ಲಿರುವವನು ಬಯಸಿದರೆ ಇಲ್ಲಿ, ಇಲ್ಲವಾದರೆ ತಂದೆತಾಯಿಯ ಊರಿನಲ್ಲಿ ಮತದಾರನಾಗಬಹುದು, ಎರಡೂ ಕಡೆ ಆಗುವಂತಿಲ್ಲ. ಮಲೇಷ್ಯಾದಿಂದ ಬಂದು ಓದುವವನಿಗೆ, ಎಷ್ಟು ವರ್ಷ ಇಲ್ಲಿದ್ದರೂ, ಆ ಹಕ್ಕಿಲ್ಲ.

ಊರಿನಲ್ಲಿಲ್ಲದವರ ಹೆಸರು ಏನು ಮಾಡಬಲ್ಲದು ಎಂಬುದಕ್ಕೆ ನೆರೆಯ ಮಂಜೇಶ್ವರವೇ ಸಾಕ್ಷಿ. 2016ರ ಕೇರಳ ವಿಧಾನಸಭಾ ಚುನಾವಣೆಯಲ್ಲಿ ಕಾಸರಗೋಡು ಜಿಲ್ಲೆಯ ಈ ಕನ್ನಡ ನೆಲದ ಕ್ಷೇತ್ರದಲ್ಲಿ ಗೆಲುವಿನ ಅಂತರ ಕೇವಲ 89 ಮತ. ಸೋತ ಅಭ್ಯರ್ಥಿ ಕೇರಳ ಹೈಕೋರ್ಟಿಗೆ ಹೋದರು. ಮೃತಪಟ್ಟವರ ಹಾಗೂ ಆ ದಿನ ವಿದೇಶದಲ್ಲಿದ್ದವರ ಹೆಸರಿನಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಮತಗಳು ಚಲಾವಣೆಯಾಗಿವೆ ಎಂಬುದು ಅವರ ವಾದ. ನ್ಯಾಯಾಲಯದ ಸಮನ್ಸು ಮನೆಮನೆಗೆ ಹೋದಾಗ ಸತ್ತವರೆಂದು ಪಟ್ಟಿ ಮಾಡಿದ್ದವರಲ್ಲಿ ಕೆಲವರು ಜೀವಂತವಾಗಿ ಎದುರು ಬಂದು ನಿಂತರು! ಗೆದ್ದವರು 2018ರಲ್ಲಿ ತೀರಿಕೊಂಡರು. 2019ರಲ್ಲಿ ಅರ್ಜಿಯನ್ನು ಹಿಂದಕ್ಕೆ ಪಡೆಯಲಾಯಿತು. ಸತ್ಯವೇನೆಂಬುದು ತೀರ್ಮಾನವಾಗಲೇ ಇಲ್ಲ. ಪಟ್ಟಿ ಅಶುದ್ಧವಾಗಿದ್ದರೆ ಗೆದ್ದವನ ಗೆಲುವಿಗೂ ಕಳಂಕ, ಸೋತವನ ದೂರಿಗೂ ಕಳಂಕ.

ಹೆಸರು ಅಕ್ರಮವಾಗಿ ಸೇರುವುದರ ಬಗ್ಗೆ ಇಷ್ಟು. ಅಕ್ರಮವಾಗಿ ಅಳಿಸುವ ಪ್ರಯತ್ನದ ಕಥೆ ಬಸವಕಲ್ಯಾಣಕ್ಕೆ ಹೆಚ್ಚು ದೂರವಲ್ಲದ ಆಳಂದದಲ್ಲಿದೆ. ನಮ್ಮ ರಾಜ್ಯದ ಮತದಾರರ ಪಟ್ಟಿಯ ಇತಿಹಾಸದಲ್ಲಿ ಇದಕ್ಕಿಂತ ಹೆಚ್ಚು ಪಾಠ ಕಲಿಸುವ ಪ್ರಕರಣ ಇನ್ನೊಂದಿಲ್ಲ.

ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ 2018ರ ವಿಧಾನಸಭಾ ಚುನಾವಣೆಯ ಗೆಲುವಿನ ಅಂತರ 697 ಮತ. 2023ರ ಚುನಾವಣೆಗೆ ಮುಂಚಿನ ಕೆಲವು ತಿಂಗಳುಗಳಲ್ಲಿ ಅದೇ ಕ್ಷೇತ್ರದಲ್ಲಿ ಹೆಸರು ತೆಗೆದುಹಾಕುವಂತೆ ಕೋರುವ ನಮೂನೆ 7ರ 6,018 ಅರ್ಜಿಗಳು ಅಂತರ್ಜಾಲದ ಮೂಲಕ ಬಂದವು. ವಿಷಯ ಹೊರಬಿದ್ದ ಬಗೆಯೇ ವಿಚಿತ್ರ. ಮತಗಟ್ಟೆ ಮಟ್ಟದ ಅಧಿಕಾರಿಯೊಬ್ಬರು, ನಾವು ಬಿಎಲ್‌ಒ ಎನ್ನುವವರು, ತಮ್ಮದೇ ಕುಟುಂಬದ ಹತ್ತಿರದವರೊಬ್ಬರ ಹೆಸರು ತೆಗೆಯಲು ಅರ್ಜಿ ಬಂದಿರುವುದನ್ನು ಗಮನಿಸಿದರು. ಅರ್ಜಿ ಹಾಕಿದವರೆಂದು ನಮೂದಾಗಿದ್ದವರನ್ನು ಕೇಳಿದರೆ ಅವರಿಗೆ ಅದರ ಅರಿವೇ ಇರಲಿಲ್ಲ. ದೂರು ಹೋಯಿತು. ಸ್ಥಳ ಪರಿಶೀಲನೆ ನಡೆಸಿದಾಗ 6,018ರಲ್ಲಿ ಸರಿಯಾದ ಅರ್ಜಿಗಳು ಬರೀ 24. ಉಳಿದ 5,994 ಸುಳ್ಳು. 2023ರ ಫೆಬ್ರವರಿಯಲ್ಲಿ ಮತದಾರರ ನೋಂದಣಿ ಅಧಿಕಾರಿಯೇ ಪೊಲೀಸರಿಗೆ ದೂರು ಕೊಟ್ಟರು. ಆ ಚುನಾವಣೆಯಲ್ಲಿ ಬಿ.ಆರ್. ಪಾಟೀಲರು ಹತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಆದರೆ 697ರ ಪಕ್ಕದಲ್ಲಿ 5,994 ಎಂಬ ಸಂಖ್ಯೆಯನ್ನು ಒಮ್ಮೆ ಬರೆದು ನೋಡಿ.

ಅನಂತರದ್ದು ತನಿಖೆಯ ಎಳೆದಾಟ. ಸಿಐಡಿ ಅಧಿಕಾರಿಗಳು ಆ ಅರ್ಜಿಗಳು ಯಾವ ಕಂಪ್ಯೂಟರಿನಿಂದ, ಯಾವ ಸಂಪರ್ಕದಿಂದ ಹೋದವು, ಒಟಿಪಿ ಯಾರ ಮೊಬೈಲಿಗೆ ಹೋಯಿತು ಎಂಬ ತಾಂತ್ರಿಕ ವಿವರಗಳಿಗಾಗಿ ಮತ್ತೆ ಮತ್ತೆ ಪತ್ರ ಬರೆದರು. ತನ್ನಲ್ಲಿದ್ದ ಮಾಹಿತಿಯನ್ನು 2023ರ ಸೆಪ್ಟೆಂಬರಿನಲ್ಲೇ ಕೊಟ್ಟಾಗಿದೆ ಎಂದು ಚುನಾವಣಾ ಆಯೋಗ ಹೇಳಿತು. 2025ರ ಸೆಪ್ಟೆಂಬರ್ 18ರಂದು ಲೋಕಸಭೆಯ ವಿರೋಧ ಪಕ್ಷದ ನಾಯಕರು ದೆಹಲಿಯಲ್ಲಿ ಈ ವಿಷಯವೆತ್ತಿದ ಮೇಲೆ ಅದು ರಾಷ್ಟ್ರದ ಸುದ್ದಿಯಾಯಿತು. ಸಾರ್ವಜನಿಕರು ಯಾರೂ ಅಂತರ್ಜಾಲದಲ್ಲಿ ಹೆಸರನ್ನು ಅಳಿಸಲಾರರು, ಆಳಂದದ ಯತ್ನ ವಿಫಲವಾಗಿತ್ತು, ದೂರು ಕೊಟ್ಟದ್ದೇ ನಮ್ಮ ಅಧಿಕಾರಿ ಎಂಬುದು ಆಯೋಗದ ಉತ್ತರ. ಎರಡು ದಿನಗಳಲ್ಲಿ ರಾಜ್ಯ ಸರಕಾರ ವಿಶೇಷ ತನಿಖಾ ತಂಡವನ್ನು ರಚಿಸಿತು. ಸುಳ್ಳು ಅರ್ಜಿಯೊಂದಕ್ಕೆ 80 ರೂಪಾಯಿಯಂತೆ ಹಣ ಸಂದಾಯವಾಗಿದೆ ಎಂದು ಆ ತಂಡ ಕಂಡುಕೊಂಡಿತೆಂಬ ವರದಿಗಳು ಬಂದವು. ದೋಷಿ ಯಾರೆಂಬುದನ್ನು ನ್ಯಾಯಾಲಯ ಹೇಳಲಿ. ಒಬ್ಬ ಪ್ರಜೆಯ ಹಕ್ಕಿಗೆ 80 ರೂಪಾಯಿ ಬೆಲೆ ಕಟ್ಟಿದರೆಂಬ ಮಾತೇ ನಿದ್ದೆ ಕೆಡಿಸುವಂಥದು.

ಆಯೋಗದ ಮಾತಿನಲ್ಲಿ ಸತ್ಯವಿದೆ. ಅರ್ಜಿ ಹೋದ ಮಾತ್ರಕ್ಕೆ ಹೆಸರು ಅಳಿಯುವುದಿಲ್ಲ, ಪರಿಶೀಲನೆ ಆಗಬೇಕು. ಆದರೆ ಆಳಂದದಲ್ಲಿ ರಕ್ಷಣೆ ದೊರೆತದ್ದು ಗಣಕಯಂತ್ರದಿಂದಲ್ಲ, ಎಚ್ಚರವಿದ್ದ ಮನುಷ್ಯರಿಂದ. ಪ್ರಕರಣ ರಾಷ್ಟ್ರದ ಗಮನಕ್ಕೆ ಬಂದ ಕೆಲವೇ ದಿನಗಳಲ್ಲಿ ಆಯೋಗವು ಆನ್‌ಲೈನ್ ಅರ್ಜಿಗೆ ಆಧಾರ್ ಜೋಡಿಸಿದ ಮೊಬೈಲಿನ ಮೂಲಕ ಇ-ಸಹಿಯನ್ನು ಕಡ್ಡಾಯ ಮಾಡಿತು. ಮೊದಲು ಇಲ್ಲದ ಬೀಗವನ್ನು ಈಗ ಹಾಕಿದ್ದಾರೆ ಎಂದರೆ ಬಾಗಿಲು ತೆರೆದೇ ಇತ್ತು ಎಂದಾಯಿತಲ್ಲವೇ?

ಬೆಂಗಳೂರಿನ ಪ್ರಕರಣಗಳನ್ನು ವಿಸ್ತರಿಸುವುದಿಲ್ಲ. 2018ರ ಮೇ ತಿಂಗಳಲ್ಲಿ ಜಾಲಹಳ್ಳಿಯ ಫ್ಲಾಟೊಂದರಲ್ಲಿ ಹತ್ತು ಸಾವಿರಕ್ಕೆ ಸಮೀಪದಷ್ಟು ಮತದಾರರ ಗುರುತಿನ ಚೀಟಿಗಳು ಸಿಕ್ಕು ರಾಜರಾಜೇಶ್ವರಿನಗರದ ಮತದಾನ ಮೇ 28ಕ್ಕೆ ಮುಂದೆ ಹೋಯಿತು. 2022ರ ನವೆಂಬರಿನಲ್ಲಿ ಚಿಲುಮೆ ಎಂಬ ಸಂಸ್ಥೆ ಜಾಗೃತಿಯ ಹೆಸರಿನಲ್ಲಿ ಮತದಾರರ ಮಾಹಿತಿ ಸಂಗ್ರಹಿಸಿದ ಆರೋಪ ಬಂದು, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರಗಳಲ್ಲಿ ಸೇರ್ಪಡೆ ಮತ್ತು ಅಳಿಸುವಿಕೆಗಳ ಪೂರ್ಣ ಮರುಪರಿಶೀಲನೆಗೆ ಆಯೋಗ ಆದೇಶಿಸಿತು. ಅದೇ ಮಹದೇವಪುರದ ಪಟ್ಟಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸಂಶಯಾಸ್ಪದ ಹೆಸರುಗಳಿವೆ ಎಂಬ ಆರೋಪ 2025ರ ಆಗಸ್ಟಿನಲ್ಲಿ ಬಂತು. ಆಯೋಗ ಪ್ರಮಾಣಪತ್ರ ಸಲ್ಲಿಸಿ ಎಂದಿತು. ಈ ಯಾವ ಪ್ರಕರಣದಲ್ಲೂ ಚರ್ಚೆಯ ತಿರುಳು ಪರದೇಶಿಯರಾಗಿರಲಿಲ್ಲ ಎಂಬುದನ್ನು ಮಾತ್ರ ಗಮನಿಸಬೇಕು. ಒಂದೇ ಹೆಸರು ಎರಡು ಕಡೆ, ಇಲ್ಲದ ವಿಳಾಸ, ಮನೆ ಬದಲಿಸಿದವರು, ತೀರಿಕೊಂಡವರು, ಬೇರೆಯವರ ಕೈಗೆ ಸಿಕ್ಕ ಚೀಟಿಗಳು. ರೋಗ ಇಲ್ಲಿದೆ.

ಈಗ ನಮ್ಮ ವಿಷಯಕ್ಕೆ ಬರೋಣ. ಉಡುಪಿ ಜಿಲ್ಲೆಯಲ್ಲಿರುವ ನಮ್ಮ ಸಮಾಜದವರಲ್ಲಿ ಅನೇಕರ ಹೆಸರು ಇನ್ನೂ ತವರೂರಿನ ಪಟ್ಟಿಯಲ್ಲಿದೆ. ಕೆಲವರದು ಎರಡೂ ಕಡೆ. ಊರಿನ ಪಂಚಾಯಿತಿ ಚುನಾವಣೆಗೆ ಅಣ್ಣತಮ್ಮಂದಿರು ಕರೆಯುತ್ತಾರೆ, ಇಲ್ಲಿ ಮನೆ ಕಟ್ಟಿದ ಮೇಲೆ ಗುರುತಿನ ಚೀಟಿ ಬೇಕಾಗುತ್ತದೆ. ಹೀಗೆ ಯಾವ ದುರುದ್ದೇಶವೂ ಇಲ್ಲದೆ ಎರಡು ಹೆಸರುಗಳಾಗಿವೆ. ಕಾಯ್ದೆಯ 17ನೆಯ ಸೆಕ್ಷನ್ ಇದನ್ನು ಒಪ್ಪುವುದಿಲ್ಲ. ಸ್ಥಳಾಂತರಗೊಂಡವರು ಹೊಸ ನಮೂನೆ 6 ಕೊಡಬಾರದು; ನಮೂನೆ 8 ಕೊಡಬೇಕು, ಆಗ ಹಳೆಯ ನಮೂದು ತಾನಾಗಿ ತೆಗೆದುಹೋಗುತ್ತದೆ. ಈ ಒಂದು ಸಣ್ಣ ವ್ಯತ್ಯಾಸ ತಿಳಿಯದೆ ಎಷ್ಟೋ ಮಂದಿ ಎರಡೆರಡು ಕಡೆ ಮತದಾರರಾಗಿ ಕೂತಿದ್ದಾರೆ.

ದೇಶದಲ್ಲಿ ಆರಂಭವಾಗಿರುವ ವಿಶೇಷ ತೀವ್ರ ಪರಿಷ್ಕರಣೆ, ಎಸ್‌ಐಆರ್, ಇಂಥ ಕುಟುಂಬಗಳನ್ನೇ ಮೊದಲು ಮುಟ್ಟುವುದು. ಬಿಹಾರದಲ್ಲಿ 2025ರ ಜೂನ್ 24ರ ಆದೇಶದಂತೆ ನಡೆದ ಪರಿಷ್ಕರಣೆಯ ಕರಡಿನಲ್ಲಿ 65 ಲಕ್ಷ ಹೆಸರುಗಳು ಬಿಟ್ಟುಹೋದವು. ಅವುಗಳನ್ನು ಕಾರಣಸಹಿತ ಪ್ರಕಟಿಸುವಂತೆ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಆಯೋಗ ಕೊಟ್ಟ ಕಾರಣಗಳಲ್ಲಿ ಮುಖ್ಯವಾದವು ಮರಣ, ಸ್ಥಳಾಂತರ, ಇಬ್ಬದಿಯ ನೋಂದಣಿ. ಎರಡನೆಯ ಹಂತದಲ್ಲಿ ಕೇರಳವೂ ಸೇರಿ ಹನ್ನೆರಡು ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳಿದ್ದವು. ಕೇರಳದ ಕರಡಿನಲ್ಲಿ ಸುಮಾರು 24 ಲಕ್ಷ ಹೆಸರುಗಳಿರಲಿಲ್ಲ. ಆ ಹಂತದಲ್ಲಿ ಕರ್ನಾಟಕ ಇರಲಿಲ್ಲ. ನಮ್ಮ ರಾಜ್ಯದ ಹಿಂದಿನ ತೀವ್ರ ಪರಿಷ್ಕರಣೆ ನಡೆದದ್ದು 2002ರಲ್ಲಿ. ಎರಡನೆಯ ಹಂತದ ಪದ್ಧತಿಯಂತೆ, ಆ ಹಳೆಯ ಪಟ್ಟಿಯಲ್ಲಿ ತಮ್ಮ ಅಥವಾ ತಂದೆತಾಯಿಯ ಹೆಸರು ತೋರಿಸಿಕೊಟ್ಟವರಿಗೆ ದಾಖಲೆಗಳ ಕಾಟವಿಲ್ಲ, ತೋರಿಸಲಾಗದವರಿಗೆ ನೋಟಿಸು.

2002ರ ಪಟ್ಟಿಯಲ್ಲಿ ಹೆಸರು ಹುಡುಕುವುದು ಅಷ್ಟು ಸುಲಭವಲ್ಲ. 2008ರಲ್ಲಿ ಕ್ಷೇತ್ರಗಳು ಮರುವಿಂಗಡಣೆಯಾದವು. ಇಲ್ಲಿ ಬ್ರಹ್ಮಾವರ ಕ್ಷೇತ್ರವೇ ಇಲ್ಲವಾಯಿತು. ಅತ್ತ ಗುಳೇದಗುಡ್ಡ, ಮುಂಡರಗಿ, ಹೂವಿನಹಿಪ್ಪರಗಿಗಳು ಇಲ್ಲವಾದವು. ಗುಳೇದಗುಡ್ಡದಿಂದ ಬಂದು ಅಂಬಲಪಾಡಿಯಲ್ಲಿರುವವನು ತನ್ನ ಹೆಸರನ್ನು ಬಾದಾಮಿ ಕ್ಷೇತ್ರದ ಪಟ್ಟಿಯಲ್ಲಿ ಹುಡುಕಿದರೆ ಸಿಗಲಾರದು, ಅದು ಅಳಿದುಹೋದ ಕ್ಷೇತ್ರದ ಹೆಸರಿನ ಕೆಳಗಿದೆ. ಮಹಿಳೆಯರ ಕಷ್ಟ ಇನ್ನೂ ಹೆಚ್ಚಿನದು. 2002ರಲ್ಲಿ ತವರಿನಲ್ಲಿ ತಂದೆಯ ಹೆಸರಿನೊಂದಿಗೆ ದಾಖಲಾದವಳು ಈಗ ಗಂಡನ ಹೆಸರಿನೊಂದಿಗೆ ಇನ್ನೊಂದು ಜಿಲ್ಲೆಯಲ್ಲಿದ್ದಾಳೆ. ಮದುವೆಯಲ್ಲಿ ಹೆಸರೇ ಬದಲಾದವರೂ ಉಂಟು. ಮನೆತನದ ಹೆಸರು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರುವುದು, ಸ್ವಾಮಿ, ಮಠ, ಗೌಡ, ಶೆಟ್ಟರ ಎಂಬ ಪದಗಳ ಕಾಗುಣಿತ ದಾಖಲೆಯಿಂದ ದಾಖಲೆಗೆ ಬದಲಾಗುವುದು ನಮ್ಮಲ್ಲಿ ಸಾಮಾನ್ಯ. ಇವರು ಯಾರೂ ಪರದೇಶಿಯರಲ್ಲ. ಆದರೂ ಪ್ರಜೆಯೆಂದು ತೋರಿಸಿಕೊಡುವ ಹೊರೆ ಇವರ ಹೆಗಲಿಗೆ ಬೀಳುತ್ತದೆ.

1995ರ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು ಇಲ್ಲಿ ನೆನೆಯಬೇಕು. ಹೆಸರು ಈಗಾಗಲೇ ಪಟ್ಟಿಯಲ್ಲಿದ್ದರೆ ಅದು ವಿಧಿವತ್ತಾಗಿ ಸೇರಿದ್ದೆಂದೇ ತಿಳಿಯಬೇಕು. ತೆಗೆಯುವ ಮುನ್ನ ನೋಟಿಸು ಕೊಟ್ಟು, ಶಂಕೆಗೆ ಕಾರಣ ತಿಳಿಸಿ, ಅವನ ಮಾತು ಕೇಳಬೇಕು. ಅಸ್ಸಾಮಿನಲ್ಲಿ 1997ರಿಂದ ಹೆಸರಿನ ಮುಂದೆ ‘ಡಿ’ ಎಂಬ ಶಂಕೆಯ ಗುರುತು ಹೊತ್ತು ಮತವಿಲ್ಲದೆ ಕಾದವರಿದ್ದಾರೆ. ಅಲ್ಲಿನ ಪೌರತ್ವ ನೋಂದಣಿಯ 2019ರ ಪಟ್ಟಿಯಲ್ಲಿ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು, ಮತ್ತು ಅವರಲ್ಲಿ ಎಲ್ಲ ಧರ್ಮದವರೂ ಇದ್ದರು.

ಅತಿಥಿಯ ಕುಲ ಕೇಳದ ದಾಸೋಹ ಪರಂಪರೆಯವರಾದ ನಾವು ಪೌರತ್ವದ ವಿಚಾರಣೆಯನ್ನು ಹೇಗೆ ಒಪ್ಪಬೇಕೆಂದು ಒಬ್ಬ ತರುಣ ಭಕ್ತರು ಕೇಳಿದರು. ಪ್ರಶ್ನೆ ಒಳ್ಳೆಯದು. ಕಲ್ಯಾಣಕ್ಕೆ ಕಾಶ್ಮೀರದಿಂದ ಮೋಳಿಗೆಯ ಮಾರಯ್ಯನವರು ಬಂದರೆಂದು ಪರಂಪರೆ ಹೇಳುತ್ತದೆ. ಕಟ್ಟಿಗೆಯ ಹೊರೆ ಹೊತ್ತು ಕಾಯಕ ಮಾಡಿದ ಅವರನ್ನು ಶರಣರು ಎಲ್ಲಿಯವನೆಂದು ಪರೀಕ್ಷಿಸಿ ಒಳಗೆ ಬಿಟ್ಟುಕೊಂಡದ್ದಲ್ಲ. ಆದರೆ ಅದೇ ಕಲ್ಯಾಣದಲ್ಲಿ ಬಸವಣ್ಣನವರು ಭಂಡಾರಿಯೂ ಆಗಿದ್ದರು. ಉಣಬಡಿಸುವ ಕೈ ಲೆಕ್ಕ ನೋಡದಿರಬಹುದು. ಭಂಡಾರದ ಕೈ ಪ್ರತಿ ನಾಣ್ಯದ ಲೆಕ್ಕ ಇಡಲೇಬೇಕು. ಮತದಾರರ ಪಟ್ಟಿ ಭಂಡಾರದ ಲೆಕ್ಕಕ್ಕೆ ಸೇರಿದ್ದು. ಅಲ್ಲಿ ಪ್ರಜೆಯಲ್ಲದವನಿಗೆ ಸ್ಥಾನವಿಲ್ಲವೆನ್ನುವುದು ನಿರ್ದಯತೆಯಲ್ಲ. ಹಾಗೆಂದು ಅವನಿಗೆ ಪ್ರಸಾದವನ್ನೂ ಇಲ್ಲವೆನ್ನುವುದು, ಅಥವಾ ಭಾಷೆ ಕೇಳಿಯೇ ತೀರ್ಪು ಕೊಡುವುದು ನಮ್ಮ ದಾರಿಯಲ್ಲ.

ಬಿಎಲ್‌ಒಗಳ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಇಡೀ ವ್ಯವಸ್ಥೆ ನಿಂತಿರುವುದು ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕರಂಥವರ ಹೆಚ್ಚುವರಿ ದುಡಿಮೆಯ ಮೇಲೆ. ಅವರ ವಾರ್ಷಿಕ ಗೌರವಧನ 6,000 ರೂಪಾಯಿಯಿಂದ 12,000 ಆದದ್ದು 2025ರಲ್ಲಿ. ಸಾವಿರದಷ್ಟು ಹೆಸರುಗಳ ಸತ್ಯಾಸತ್ಯತೆಯನ್ನು ತಿಂಗಳಿಗೆ ಸಾವಿರ ರೂಪಾಯಿಯ ದುಡಿಮೆಗೆ ಒಪ್ಪಿಸಿ, ಪಟ್ಟಿ ಶುದ್ಧವಿಲ್ಲವೆಂದು ದೂರುವುದು ನಮ್ಮ ಪದ್ಧತಿಯಾಗಿದೆ. ಮನೆಗೆ ಬಂದಾಗ ಬಾಗಿಲು ತೆರೆಯದವರೇ ಹೆಚ್ಚು ದೂರುತ್ತಾರೆ.

ಆದುದರಿಂದ ಬಂಧುಗಳು ಈ ಕೆಲವು ಕೆಲಸಗಳನ್ನು ಮುಂದೂಡಬಾರದು. ಮನೆಯಲ್ಲಿ ತೀರಿಕೊಂಡವರ, ಪರದೇಶದ ಪೌರತ್ವ ಪಡೆದವರ ಹೆಸರನ್ನು ನಮೂನೆ 7 ಕೊಟ್ಟು ತೆಗೆಸಿ. ಎರಡು ಕಡೆ ಹೆಸರಿರುವವರು ಒಂದನ್ನು ಆರಿಸಿಕೊಳ್ಳಿ. ವರ್ಷದ ಬಹುಕಾಲ ಎಲ್ಲಿ ಉಂಡು ಮಲಗುತ್ತೀರೋ ಅಲ್ಲಿಯದೇ ನ್ಯಾಯ. 2002ರಲ್ಲಿ ತಂದೆತಾಯಿಯ ಹೆಸರು ಯಾವ ಕ್ಷೇತ್ರದ, ಯಾವ ಮತಗಟ್ಟೆಯಲ್ಲಿತ್ತೆಂದು ಊರಿನ ಹಿರಿಯರನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ, ಅವರು ಇರುವಾಗಲೇ. ಹೆಸರು ತಪ್ಪಿಹೋದರೆ ಹದಿನೈದು ದಿನದೊಳಗೆ ಜಿಲ್ಲಾಧಿಕಾರಿಗಳಿಗೆ, ಅಲ್ಲಿಯೂ ಆಗದಿದ್ದರೆ ಮೂವತ್ತು ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಲು 24ನೆಯ ಸೆಕ್ಷನ್ನಿನಲ್ಲಿ ಅವಕಾಶವಿದೆ. ಸಂಶಯವಿದ್ದರೆ 1950ಕ್ಕೆ ಕರೆ ಮಾಡಬಹುದು. ಓದುಬರಹ ಬಾರದ ಕಾರ್ಮಿಕ ಕುಟುಂಬಗಳು ನಮ್ಮಲ್ಲಿ ಸಾಕಷ್ಟಿವೆ. ಬಂದರಿನ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಬೆಳಗಿನ ಜಾವ ಹೋಗಿ ಕತ್ತಲಾದ ಮೇಲೆ ಬರುವ ಅವರ ಮನೆಗೆ ಬಿಎಲ್‌ಒ ಹಗಲಿನಲ್ಲಿ ಬಂದು ಬೀಗ ಕಂಡು ಹೋಗುತ್ತಾರೆ. ಸಮಾಜದ ತರುಣರು ರಜಾದಿನದ ಒಂದೊಂದು ಸಂಜೆಯನ್ನು ಅವರ ನಮೂನೆ ತುಂಬಲು ಮೀಸಲಿಡಬಹುದು. ಪಕ್ಕದ ಕೋಣೆಯಲ್ಲಿ ಬಾಡಿಗೆಗಿರುವ ಒಡಿಶಾದವನೋ ಜಾರ್ಖಂಡಿನವನೋ ತನ್ನ ಚೀಟಿ ಹಿಡಿದು ಬಂದರೆ ಅವನದನ್ನೂ ಓದಿ ಹೇಳಿ.